ಕಂಪ್ಯೂಟರಿನ ಆಯುಷ್ಯ ಮತ್ತು ವಿದ್ಯುತ್ತಿನ ಗುಣಮಟ್ಟ

ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನ ಕಚೇರಿಯ ಕಂಪ್ಯೂಟರ್ ತಾನಾಗಿಯೇ ನಿಂತು ಮತ್ತೆ ಆರಂಭವಾಗುವುದು ಅನೇಕ ಸಣ್ಣ ಉದ್ದಿಮೆದಾರರಿಗೆ ಪರಿಚಿತವಾದ ಅನುಭವ. ದೋಷವನ್ನು ಮೊದಲು ವೈರಸ್ಸಿನ ಮೇಲೆ, ಅನಂತರ ತಂತ್ರಾಂಶದ ಮೇಲೆ ಹೊರಿಸಲಾಗುತ್ತದೆ. ವಿಂಡೋಸ್ ಮರುಸ್ಥಾಪನೆಯಾಗುತ್ತದೆ, ಮೆಮೊರಿ ಬದಲಾಗುತ್ತದೆ; ತೊಂದರೆ ಮಾತ್ರ ತಪ್ಪುವುದಿಲ್ಲ. ಮೊದಲೇ ನೋಡಬೇಕಾಗಿದ್ದು ಕೊನೆಗೆ ನೋಡಲ್ಪಡುವ ಭಾಗವೆಂದರೆ ಎಸ್‌ಎಂಪಿಎಸ್, ಅರ್ಥಾತ್ ವಿದ್ಯುತ್ ಪೂರೈಕೆ ಘಟಕ.

ರಿಪಲ್ ಎಂದರೇನು?

ಸಾಕೆಟ್ಟಿನಿಂದ ಬರುವ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು ಈ ಘಟಕವು 12, 5 ಮತ್ತು 3.3 ವೋಲ್ಟ್‌ಗಳ ಡಿ.ಸಿ. ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಹೀಗೆ ಪರಿವರ್ತಿತವಾದ ವಿದ್ಯುತ್ತಿನ ಮೇಲೆ ಸಣ್ಣ ಅಲೆಗಳು ಉಳಿದುಕೊಳ್ಳುತ್ತವೆ, ಇದೇ ರಿಪಲ್. ಇಂಟೆಲ್ ಸಂಸ್ಥೆಯ ಎಟಿಎಕ್ಸ್ ವಿನ್ಯಾಸ ಮಾರ್ಗಸೂಚಿಯಂತೆ ಇದು 12 ವೋಲ್ಟ್ ಮಾರ್ಗದಲ್ಲಿ 120 ಮಿಲಿವೋಲ್ಟ್, 5 ಮತ್ತು 3.3 ವೋಲ್ಟ್ ಮಾರ್ಗಗಳಲ್ಲಿ 50 ಮಿಲಿವೋಲ್ಟ್ ಮೀರಬಾರದು.

ಅಲೆಗಳನ್ನು ತಗ್ಗಿಸುವ ಕೆಲಸ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳದು. ಅವುಗಳೊಳಗಿನ ದ್ರವವು ಶಾಖದಿಂದ ಕ್ರಮೇಣ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸಾಮಾನ್ಯ ಲೆಕ್ಕ. ಕೆಪಾಸಿಟರ್ ದುರ್ಬಲವಾದಂತೆ ರಿಪಲ್ ಹೆಚ್ಚುತ್ತದೆ; ಹೆಚ್ಚಿದ ರಿಪಲ್ ಮದರ್‌ಬೋರ್ಡಿನ ಕೆಪಾಸಿಟರುಗಳನ್ನೂ ಬಿಸಿ ಮಾಡುತ್ತದೆ. ಮೆಮೊರಿಯಲ್ಲಿ ತಪ್ಪುಗಳು, ಹಾರ್ಡ್‌ಡಿಸ್ಕಿನ ಅಡಚಣೆ, ಕಾರಣವಿಲ್ಲದೆ ಸ್ಥಗಿತಗೊಳ್ಳುವಿಕೆ ಇದರ ಫಲಗಳು. ಕೆಪಾಸಿಟರಿನ ದೋಷ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಒಂದು ನಿದರ್ಶನವುಂಟು. ಮದರ್‌ಬೋರ್ಡುಗಳಲ್ಲಿನ ದೋಷಪೂರಿತ ಕೆಪಾಸಿಟರುಗಳ ದೆಸೆಯಿಂದ ಡೆಲ್ ಸಂಸ್ಥೆಯು 2005ರಲ್ಲಿ 30 ಕೋಟಿ ಡಾಲರ್ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಯುಪಿಎಸ್ ಇದ್ದರೂ ಏಕೆ?

ವೆಲ್ಡಿಂಗ್ ಯಂತ್ರ ಅಥವಾ ದೊಡ್ಡ ಮೋಟಾರು ಚಾಲನೆಗೊಂಡಾಗ ಅದೇ ಫೇಸಿನಲ್ಲಿರುವ ಕಚೇರಿಯ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡು ಬೇಕು. ಸುಸ್ಥಿತಿಯಲ್ಲಿರುವ ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳಲ್ಲಿನ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ತಾಳಿಕೊಳ್ಳುತ್ತದೆ. ಹಳೆಯದು ಅಷ್ಟು ತಾಳಲಾರದು. ಆದ್ದರಿಂದಲೇ ಯುಪಿಎಸ್ ಸರಿಯಿದ್ದರೂ ಕಂಪ್ಯೂಟರ್ ಆರಿಹೋಗುತ್ತದೆ. ರಿಪಲ್ ಹುಟ್ಟುವುದು ಎಸ್‌ಎಂಪಿಎಸ್ ಒಳಗೇ ಆದುದರಿಂದ ಯಾವ ಯುಪಿಎಸ್ ಕೂಡ ಅದನ್ನು ನಿವಾರಿಸಲಾರದೆಂಬುದನ್ನೂ ಗಮನಿಸಬೇಕು.

ಖರೀದಿ ಮತ್ತು ನಿರ್ವಹಣೆ

ಹೊದಿಕೆಯ ಮೇಲೆ ಮುದ್ರಿಸಿದ ವ್ಯಾಟ್ ಸಂಖ್ಯೆಯೊಂದನ್ನೇ ನಂಬುವುದು ಸರಿಯಲ್ಲ. 12 ವೋಲ್ಟ್ ಮಾರ್ಗದಲ್ಲಿ ಎಷ್ಟು ಆಂಪಿಯರ್ ದೊರೆಯುತ್ತದೆಂಬುದನ್ನು ನೋಡಬೇಕು. 2004ರಲ್ಲಿ ಆರಂಭವಾದ ‘80 ಪ್ಲಸ್’ ಗುರುತು ವಿದ್ಯುತ್ ಉಳಿತಾಯವನ್ನು ಸೂಚಿಸುತ್ತದೆಯೇ ಹೊರತು ರಿಪಲ್ ಪ್ರಮಾಣವನ್ನಲ್ಲ. ರಿಪಲ್ಲನ್ನು ಸಾಧಾರಣ ಮಲ್ಟಿಮೀಟರಿನಿಂದ ಸರಿಯಾಗಿ ಅಳೆಯಲಾಗದು, ಆಸಿಲೋಸ್ಕೋಪ್ ಬೇಕು. ಆ ಸೌಲಭ್ಯವಿಲ್ಲದ ಕಡೆ ಉತ್ತಮ ಸ್ಥಿತಿಯ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದೇ ಸುಲಭದ ಪರೀಕ್ಷೆ.

ಕಚೇರಿಯ ಕಂಪ್ಯೂಟರುಗಳಿಗೆ ಯಂತ್ರಶಾಲೆಯಿಂದ ಪ್ರತ್ಯೇಕವಾದ ವಿದ್ಯುತ್ ಮಾರ್ಗ, ಸಮರ್ಪಕ ಅರ್ಥಿಂಗ್, ನಿಯತವಾಗಿ ಧೂಳು ತೆಗೆಯುವಿಕೆ, ಗಾಳಿಯಾಡಲು ಅವಕಾಶ ಇವಿಷ್ಟು ಪ್ರತಿಯೊಬ್ಬ ಉದ್ದಿಮೆದಾರರ ಕೈಯಳತೆಯಲ್ಲಿರುವ ಕ್ರಮಗಳು. ಮಾಹಿತಿಯ ಪ್ರತಿಯನ್ನು ದಿನವೂ ಬೇರೆಡೆ ಉಳಿಸುವುದಂತೂ ಕಡ್ಡಾಯ. ಕೆಟ್ಟ ಯಂತ್ರವನ್ನು ಬದಲಿಸಬಹುದು. ಕಳೆದುಹೋದ ವರ್ಷದ ಲೆಕ್ಕಪತ್ರಗಳು ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ.