ಮರಳಿ ಬಂದ ಯೋಧನಿಗೆ ವಿದ್ಯೆಯ ಕೊಡಗೆ

ನಮ್ಮ ಹಳ್ಳಿಗಳ ಹೊರಗೆ, ಕೆರೆಯ ಏರಿಯ ಬಳಿಯೋ ಹೊಲದ ಬದುವಿನಲ್ಲಿಯೋ ನಿಂತಿರುವ ವೀರಗಲ್ಲುಗಳನ್ನು ನೋಡದವರು ವಿರಳ. ಹಳೆಯ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಮಾತು ಬರುತ್ತದೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ, ಅವನು ಸುರಿಸಿದ ನೆತ್ತರಿಗಾಗಿ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಮಡಿದವನಿಗೆ ಕಲ್ಲು, ಮನೆಯವರಿಗೆ ಹೊಲ. ಆದರೆ ಮಡಿಯದೆ ಮರಳಿ ಬಂದವನಿಗೆ ಏನು? ಹದಿನೆಂಟರ ವಯಸ್ಸಿನಲ್ಲಿ ಓದು ಬಿಟ್ಟು ಬಂದೂಕು ಹಿಡಿದವನು ನಾಲ್ಕು ವರ್ಷದ ಮೇಲೆ ಊರಿಗೆ ಬಂದರೆ, ಜೊತೆಯ ಹುಡುಗರು ಪದವೀಧರರಾಗಿರುತ್ತಾರೆ. ಅವನು ಕಲಿತ ವಿದ್ಯೆಗೆ ಮಾತ್ರ ಪೇಟೆಯಲ್ಲಿ ಬೆಲೆಯಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ಲೋಕದ ರೀತಿಯಷ್ಟೆ.

ಅಮೆರಿಕ ದೇಶವೂ ಒಮ್ಮೆ ಹೀಗೆಯೇ ನಡೆದುಕೊಂಡಿತ್ತು. ಮೊದಲನೆಯ ಮಹಾಯುದ್ಧದ ಸೈನಿಕರಿಗೆ 1924ರ ಕಾಯಿದೆಯೊಂದು ಬೋನಸ್ ಪತ್ರಗಳನ್ನೇನೋ ಕೊಟ್ಟಿತು. ಆದರೆ ಹಣ ಕೈಗೆ ಬರುವುದು 1945ರಲ್ಲಿ! ನಡುವೆ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ ಕೂಳಿಗೂ ಗತಿಯಿಲ್ಲದ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ರಾಜಧಾನಿ ವಾಷಿಂಗ್ಟನ್ನಿಗೆ ಬಂದು, ಗುಡಿಸಲು ಹಾಕಿಕೊಂಡು, ಹಣವನ್ನು ಈಗಲೇ ಕೊಡಿರೆಂದು ಬೇಡಿದರು. ಜುಲೈ ತಿಂಗಳಲ್ಲಿ ಸರಕಾರವು ಸೈನ್ಯವನ್ನೇ ಕಳುಹಿಸಿ ಅವರನ್ನು ಓಡಿಸಿತು. ಆ ನಾಚಿಕೆಯನ್ನು ದೇಶ ಮರೆಯಲಿಲ್ಲ.

ಆದುದರಿಂದ ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ ಸಿದ್ಧತೆ ನಡೆಯಿತು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟರು ಸಹಿ ಹಾಕಿದ ಕಾಯಿದೆಗೆ ಜನರು ಇಟ್ಟ ಹೆಸರು ‘ಜಿ. ಐ. ಬಿಲ್’. ಮನೆ ಕಟ್ಟಲು ಸಾಲದ ಜಾಮೀನು, ಕೆಲಸವಿಲ್ಲದಾಗ ವಾರಕ್ಕೆ 20 ಡಾಲರು, ಇವೆಲ್ಲ ಅದರಲ್ಲಿ ಇದ್ದವು. ಆದರೆ ದೇಶದ ಮುಖವನ್ನೇ ಬದಲಿಸಿದ್ದು ಅದರ ವಿದ್ಯಾಭ್ಯಾಸದ ಭಾಗ. ಶುಲ್ಕ, ಪುಸ್ತಕ ಮುಂತಾದುವಕ್ಕೆ ವರ್ಷಕ್ಕೆ 500 ಡಾಲರಿನವರೆಗೆ ಸರಕಾರವೇ ಕಾಲೇಜಿಗೆ ಕಟ್ಟುತ್ತಿತ್ತು. ಹೊಟ್ಟೆಪಾಡಿಗೆಂದು ಒಂಟಿಯಾಗಿದ್ದವನಿಗೆ ತಿಂಗಳಿಗೆ 50 ಡಾಲರು, ಸಂಸಾರಸ್ಥನಿಗೆ 75. ಮುಂದೆ ಈ ಮೊತ್ತವನ್ನು ಏರಿಸಿದರು. ಸೇವೆಯ ಅವಧಿ ಹೆಚ್ಚಿದಂತೆ ಓದಿನ ಅವಧಿಯೂ ಹೆಚ್ಚಿ, ನಾಲ್ಕು ವರ್ಷದವರೆಗೆ ಸಲ್ಲುತ್ತಿತ್ತು.

ವಿದ್ವಾಂಸರಲ್ಲಿಯೇ ಕೆಲವರು ಹೆದರಿದರು. ಷಿಕಾಗೋ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ರಾಬರ್ಟ್ ಹಚಿನ್ಸರು, ಹಣದ ಆಸೆಗೆ ಕಾಲೇಜುಗಳು ಯಾರನ್ನಾದರೂ ಸೇರಿಸಿಕೊಂಡು ಅಲೆಮಾರಿಗಳ ಬೀಡಾದಾವೆಂದು ಎಚ್ಚರಿಸಿದರು. ಆದುದು ಬೇರೆಯೇ. ಹೆಂಡತಿ ಮಕ್ಕಳೊಡನೆ ತಗಡಿನ ಗುಡಾರಗಳಲ್ಲಿ ವಾಸಮಾಡುತ್ತ ಆ ಯೋಧರು ಎಳೆಯ ಹುಡುಗರಿಗಿಂತ ಚೆನ್ನಾಗಿ ಓದಿ ತೇರ್ಗಡೆಯಾದರು. ಪಾಠ ಹೇಳಿ ತಲೆ ನರೆತಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಳೆದುಕೊಂಡ ಕಾಲದ ಬೆಲೆಯನ್ನು ಬಲ್ಲವನು ಗಂಟೆ ಯಾವಾಗ ಹೊಡೆದೀತೆಂದು ಕಾಯುವುದಿಲ್ಲ. 1947ರಲ್ಲಿ ಅಲ್ಲಿಯ ಕಾಲೇಜುಗಳಲ್ಲಿದ್ದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರೇ. 1956ರಲ್ಲಿ ಯೋಜನೆ ಮುಗಿಯುವ ವೇಳೆಗೆ ಸುಮಾರು 78 ಲಕ್ಷ ಜನ ಅದರಿಂದ ಕಲಿತಿದ್ದರು. ಅವರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಸುಮಾರು 22 ಲಕ್ಷ. ಉಳಿದವರು ಕಸಬಿನ ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ, ಹೊಲಗಳಲ್ಲಿ ಕಲಿತವರು.

ಚಿನ್ನಕ್ಕೂ ಕಲಬೆರಕೆ ಉಂಟು. ಕಾಯಿದೆಯ ಅಕ್ಷರದಲ್ಲಿ ಕರಿಯ ಬಿಳಿಯ ಭೇದವಿರಲಿಲ್ಲ, ಆಚರಣೆಯಲ್ಲಿ ಇದ್ದಿತು. ದಕ್ಷಿಣದ ಸಂಸ್ಥಾನಗಳಲ್ಲಿ ಬಿಳಿಯರ ಕಾಲೇಜುಗಳ ಬಾಗಿಲು ಕರಿಯ ಯೋಧನಿಗೆ ತೆರೆಯಲಿಲ್ಲ. ಅವನಿಗೆಂದು ಇದ್ದ ಕೆಲವೇ ಕಾಲೇಜುಗಳಲ್ಲಿ ಸ್ಥಳ ಸಾಲದೆ, ಬಂದವರನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಇಬ್ಬರು ಸುರಿಸಿದ್ದೂ ಒಂದೇ ಬಣ್ಣದ ನೆತ್ತರು. ಕೊಡಗೆ ಮಾತ್ರ ಬೇರೆಯಾಯಿತು. ಇದಲ್ಲದೆ ಸರಕಾರದ ಹಣಕ್ಕಾಗಿಯೇ ಹುಟ್ಟಿಕೊಂಡ ಹುಸಿ ಶಾಲೆಗಳೂ ಇದ್ದವು. ಆದಕಾರಣ ಕೊರಿಯಾ ಯುದ್ಧದ ಯೋಧರಿಗಾಗಿ ಬಂದ 1952ರ ಕಾಯಿದೆಯಲ್ಲಿ ಹಣವನ್ನು ಶಾಲೆಗೆ ಕಟ್ಟದೆ ವಿದ್ಯಾರ್ಥಿಯ ಕೈಗೇ ಕೊಟ್ಟರು: ಒಂಟಿಯವನಿಗೆ ತಿಂಗಳಿಗೆ 110 ಡಾಲರು.

ಆ ಪರಂಪರೆ ಇಂದಿಗೂ ನಡೆದಿದೆ. 2008ರ ಕಾಯಿದೆಯಂತೆ, ಪೂರ್ಣ ಅರ್ಹತೆಯುಳ್ಳ ಯೋಧನಿಗೆ 36 ತಿಂಗಳ ಕಾಲ ಸರಕಾರಿ ಕಾಲೇಜಿನಲ್ಲಿ ಆ ಸಂಸ್ಥಾನದ ನಿವಾಸಿಗಳು ಕಟ್ಟುವ ಶುಲ್ಕವಿಡೀ, ವಸತಿಗೆ ಭತ್ಯ, ಪುಸ್ತಕಕ್ಕೆ ಬೇರೆ ಹಣ ದೊರೆಯುತ್ತವೆ. ಇನ್ನಷ್ಟು ವರ್ಷ ಸೇವೆ ಮಾಡಲು ಒಪ್ಪಿದವನು ಈ ಹಕ್ಕನ್ನು ಹೆಂಡತಿಗೋ ಮಕ್ಕಳಿಗೋ ಬಿಟ್ಟುಕೊಡಲೂಬಹುದು.

ನಮ್ಮಲ್ಲಿಯೂ ಯೋಧನ ಮನೆಯ ವಿದ್ಯೆಗೆ ನೆರವುಂಟು. ಮಾಜಿ ಸೈನಿಕರ ಮಕ್ಕಳೂ ವಿಧವೆಯರೂ ವೃತ್ತಿಶಿಕ್ಷಣ ಪಡೆಯಲೆಂದು ಪ್ರಧಾನಮಂತ್ರಿಯ ಹೆಸರಿನ ವಿದ್ಯಾರ್ಥಿವೇತನವಿದೆ. 2019ರಲ್ಲಿ ಅದನ್ನು ತಿಂಗಳಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿಗೆ ಏರಿಸಿದರು. ಕೇಂದ್ರೀಯ ಸೈನಿಕ ಮಂಡಲಿ ಇದನ್ನು ನಡೆಸುತ್ತದೆ; ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ನಿಮ್ಮ ಬೀದಿಯಲ್ಲಿ ಅಂಥ ಮನೆಯಿದ್ದರೆ ಈ ಮಾತನ್ನು ತಿಳಿಸಿರಿ. ಎಷ್ಟೋ ನೆರವು ಕೇಳುವವರಿಲ್ಲದೆಯೇ ಉಳಿದುಹೋಗುತ್ತದೆ.

ಕೊಟ್ಟ ಹೊಲ ಅಣ್ಣತಮ್ಮಂದಿರ ಪಾಲಿನಲ್ಲಿ ಚೂರಾಗುತ್ತದೆ, ಕಲ್ಲು ಮಳೆಗೆ ಸವೆಯುತ್ತದೆ. ವಿದ್ಯೆಯಾದರೋ ಹಂಚಿದಷ್ಟೂ ಬೆಳೆಯುವ ಸೊತ್ತು. ಮರಳಿ ಬಂದವನಿಗೆ ಅದನ್ನು ಕೊಡುವುದು ಭಿಕ್ಷೆಯಲ್ಲ, ತಡವಾಗಿ ತೀರಿಸುವ ಸಾಲ.