ಕಡಲಿನ ಕಬ್ಬಿಣ, ಕೊಳವೆಯ ಲೆಕ್ಕ

ಉಕ್ಕಿನ ಹಡಗಿನಲ್ಲಿ ಕೂತು ಸಮುದ್ರದ ನೀರಿನ ಕಬ್ಬಿಣ ಅಳೆಯುವುದು ಹೇಗೆ? ಉತ್ತರ ಇರುವುದು ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರದ ಪ್ಲಾಸ್ಟಿಕ್ ಕೊಳವೆಯಲ್ಲಿ, ಹೊತ್ತು ತಪ್ಪದ ಹರಿವಿನಲ್ಲಿ.

ದಕ್ಷಿಣ ಮಹಾಸಾಗರದ ಮೇಲ್ಪದರದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಕಬ್ಬಿಣ ಹಲವೆಡೆ ಐದಾರು ನ್ಯಾನೋಗ್ರಾಂ ಅಷ್ಟೇ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. 25 ಲಕ್ಷ ಲೀಟರ್ ಹಿಡಿಸುವ ಒಲಿಂಪಿಕ್ ಈಜುಕೊಳಕ್ಕೆ ಈ ನೀರು ತುಂಬಿಸಿದರೂ ಅದರಲ್ಲಿ ಸಿಗುವ ಕಬ್ಬಿಣ ಸುಮಾರು 14 ಮಿಲಿಗ್ರಾಂ. ರಕ್ತಹೀನತೆಗೆಂದು ಸರ್ಕಾರ ಹೆಂಗಸರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಇಡೀ ಕೊಳಕ್ಕೆ ಆ ಮಾತ್ರೆಯ ಕಾಲು ಚೂರು ಸಾಕು!

ಇಷ್ಟು ಚೂರು ಕಬ್ಬಿಣವೇ ಅಲ್ಲಿನ ಜೀವಲೋಕದ ಹಣೆಬರಹ. ನೈಟ್ರೇಟ್, ಫಾಸ್ಫೇಟ್ ಧಾರಾಳವಾಗಿದ್ದರೂ ಸಸ್ಯಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು) ಸೊಂಪಾಗಿ ಬೆಳೆಯದ ವಿಶಾಲ ಕಡಲುಗಳಿವೆ. ಅಲ್ಲಿ ಇಲ್ಲದಿರುವುದು ಕಬ್ಬಿಣ ಎಂದು 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನ ಸಮುದ್ರವಿಜ್ಞಾನಿ ಜಾನ್ ಮಾರ್ಟಿನ್ ಪಟ್ಟುಹಿಡಿದು ವಾದಿಸಿದರು. ಸಸ್ಯಪ್ಲವಕ ಬೆಳೆದರೆ ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಹೀಗೆ ಕಬ್ಬಿಣದ ಲೆಕ್ಕ ಹವಾಮಾನದ ಲೆಕ್ಕವೂ ಆಯಿತು.

ತುಕ್ಕಿನ ಸುಳ್ಳು

ಮಾರ್ಟಿನ್ ವಾದಕ್ಕೂ ಮೊದಲಿನ ಕಬ್ಬಿಣದ ಅಂಕಿಅಂಶಗಳಲ್ಲಿ ಹೆಚ್ಚಿನವು ನಂಬುವಂತಿರಲಿಲ್ಲ. ಹಡಗಿನ ತುಕ್ಕು, ಉಕ್ಕಿನ ಹಗ್ಗ, ಗಾಳಿಯ ದೂಳು, ರಾಸಾಯನಿಕದ ಬಾಟಲಿ ಎಲ್ಲವೂ ಮಾದರಿಗೆ ಕಬ್ಬಿಣ ಬೆರೆಸುತ್ತಿದ್ದವು. ಮೀಟರು ತೋರಿಸುತ್ತಿದ್ದುದು ಸಮುದ್ರದ ಕಬ್ಬಿಣವನ್ನಲ್ಲ, ಸಂಶೋಧಕರ ಸಾಮಾನು ಸರಂಜಾಮಿನ ಕಬ್ಬಿಣವನ್ನು. ಕೆವ್ಲಾರ್ ಹಗ್ಗ, ಲೋಹ ತಾಗದ ಬಾಟಲಿ, ಶೋಧಿಸಿದ ಗಾಳಿಯ ಪ್ಲಾಸ್ಟಿಕ್ ಕೋಣೆ ಬಂದ ಮೇಲೆ ಈ ಸುಳ್ಳು ಇಳಿಯಿತು. ಆದರೂ ಒಂದು ತೊಡಕು ಉಳಿಯಿತು. ಮಾದರಿ ದಡ ಸೇರಿ, ಪ್ರಯೋಗಾಲಯದಲ್ಲಿ ಸರದಿ ಬಂದು, ಕಲುಷಿತವಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಮತ್ತೊಂದು ಬಾಟಲಿ ನೀರಿಗಾಗಿ ಹಡಗು ಅಂಟಾರ್ಕ್ಟಿಕಾಕ್ಕೆ ವಾಪಸ್ ಹೋಗುವುದಿಲ್ಲವಲ್ಲ.

ಮುಗಿಯುವವರೆಗೆ ಕಾಯಬೇಕಿಲ್ಲ

ದಾರಿ ಸಿಕ್ಕಿದ್ದು ಸಮುದ್ರಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಲಿಯೊನಾರ್ಡ್ ಸ್ಕೆಗ್ಸ್ ರಕ್ತಪರೀಕ್ಷೆಯನ್ನು ಪ್ರನಾಳದಿಂದ ಹರಿಯುವ ಕೊಳವೆಗೆ ತಂದರು. ಒಂದು ಮಾದರಿ ಇನ್ನೊಂದಕ್ಕೆ ಬೆರೆಯದಂತೆ ನಡುನಡುವೆ ಗಾಳಿಗುಳ್ಳೆ ಬಿಟ್ಟರು. ಆ ಯಂತ್ರವನ್ನು ಟೆಕ್ನಿಕಾನ್ ಕಂಪನಿ 1957ರಲ್ಲಿ ‘ಆಟೋಅನಲೈಸರ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು.

1975ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಯಾರೊಮಿರ್ ರೂಝಿಚ್ಕಾ ಮತ್ತು ಎಲೊ ಹ್ಯಾನ್ಸನ್ ಆ ಗುಳ್ಳೆಯನ್ನೂ ಕಿತ್ತುಹಾಕಿದರು. ಹರಿಯುವ ದ್ರಾವಣಕ್ಕೆ ಹತ್ತಾರು ಮೈಕ್ರೋಲೀಟರ್ ಮಾದರಿಯನ್ನು ಚುಚ್ಚಿ ಬಿಡುವುದು ಅವರ ವಿಧಾನ. ಅದೇ ಫ್ಲೋ ಇಂಜೆಕ್ಷನ್ ಅನಾಲಿಸಿಸ್. ಬಿಡಿಭಾಗ ಜೋಡಿಸಲು ಅವರು ಬಳಸಿದ್ದು ಡೆನ್ಮಾರ್ಕಿನದೇ ಆಟಿಕೆ, ಲೆಗೊ ಇಟ್ಟಿಗೆ.

ಅವರ ನಿಜವಾದ ಹೊಸತನ ಯೋಚನೆಯಲ್ಲಿತ್ತು. ರಾಸಾಯನಿಕ ಕ್ರಿಯೆ ಪೂರ್ತಿಯಾದ ಮೇಲಷ್ಟೇ ಅಳೆಯಬೇಕೆಂಬುದು ಅಲ್ಲಿಯವರೆಗಿನ ಪಾಠ. ಪೂರ್ತಿಯಾಗಬೇಕಿಲ್ಲ, ಪ್ರತಿ ಮಾದರಿಯೂ ಅದೇ ಕೊಳವೆಯಲ್ಲಿ, ಅದೇ ವೇಗದಲ್ಲಿ, ಅಷ್ಟೇ ಹೊತ್ತು ಸಾಗಿದರೆ ಸಾಕು ಎಂದರು ಇವರು. ಕ್ರಿಯೆ ಅರ್ಧಕ್ಕೇ ನಿಂತರೂ ಎಲ್ಲ ಮಾದರಿಗೂ ಅದೇ ಅರ್ಧ. ಹಾಗಾಗಿ ಹೋಲಿಕೆ ತಪ್ಪುವುದಿಲ್ಲ. ಕೈಗಿಂತ ಪಂಪು ಹೊತ್ತನ್ನು ಚೆನ್ನಾಗಿ ಪಾಲಿಸುತ್ತದೆ.

ಕೆಲವೇ ನಿಮಿಷಗಳ ಕೆಲಸ

ಕಡಲ ವಿಜ್ಞಾನಿಗಳಿಗೆ ಬೇಕಿದ್ದುದೂ ಇದೇ. ಮಾಸ್ ಲ್ಯಾಂಡಿಂಗ್ ತಂಡ 1991ರಲ್ಲಿ ಹರಿವಿನಲ್ಲೇ ಕಬ್ಬಿಣವನ್ನು ರಾಸಾಯನಿಕ ಬೆಳಕಿನಿಂದ ಅಳೆಯುವ ವಿಧಾನ ತಂದಿತು. 1995ರಲ್ಲಿ ಹವಾಯಿಯ ಕ್ರಿಸ್ ಮೆಷರ್ಸ್ ಮತ್ತು ಸಂಗಡಿಗರು ಬಣ್ಣದ ವಿಧಾನ ಪ್ರಕಟಿಸಿದರು.

ಈ ಎರಡನೆಯದನ್ನು ಹತ್ತಿರದಿಂದ ನೋಡಿ. ಆಮ್ಲ ಬೆರೆಸಿದ ಸಮುದ್ರದ ನೀರಿಗೆ ದಾರಿಯಲ್ಲೇ ಆಮ್ಲೀಯತೆ ಹದಗೊಳಿಸುವ ಬಫರ್ ಸೇರುತ್ತದೆ. ಮಿಶ್ರಣ ಪುಟ್ಟ ರೆಸಿನ್ ಕಾಲಂ ಹಾಯುವಾಗ ಉಪ್ಪೆಲ್ಲ ಹರಿದುಹೋಗಿ ಕಬ್ಬಿಣ ರೆಸಿನ್ನಿಗೆ ಅಂಟಿಕೊಳ್ಳುತ್ತದೆ. ಹಲವು ನಿಮಿಷ ಹರಿದ ನೀರಿನ ಕಬ್ಬಿಣವೆಲ್ಲ ಒಂದೆಡೆ ಸೇರುತ್ತದೆ. ಬಳಿಕ ಕವಾಟ ತಿರುಗಿ ಎದುರು ದಿಕ್ಕಿನಿಂದ ತೆಳು ಹೈಡ್ರೋಕ್ಲೋರಿಕ್ ಆಮ್ಲ ನುಗ್ಗಿದಾಗ, ಅಂಟಿದ್ದ ಕಬ್ಬಿಣ ಒಮ್ಮೆಗೇ ಬಿಡಿಸಿಕೊಂಡು ಹೊರಡುತ್ತದೆ. ಮುಂದೆ ಡಿಪಿಡಿ ಎಂಬ ರಾಸಾಯನಿಕವೂ ಹೈಡ್ರೋಜನ್ ಪೆರಾಕ್ಸೈಡೂ ಕೂಡಿಕೊಂಡು ದ್ರಾವಣ ಗುಲಾಬಿಯಾಗುತ್ತದೆ. 514 ನ್ಯಾನೋಮೀಟರ್ ಬೆಳಕಿನಲ್ಲಿ ಡಿಟೆಕ್ಟರ್ ಆ ಬಣ್ಣ ಓದುತ್ತದೆ, ಪರದೆಯ ಮೇಲೆ ಒಂದು ಶಿಖರ ಏಳುತ್ತದೆ.

ಗುಟ್ಟು ಆ ಗುಲಾಬಿಯಲ್ಲಿದೆ. ಇಲ್ಲಿ ಕಬ್ಬಿಣ ಬರೀ ವೇಗವರ್ಧಕ, ತಾನು ಖರ್ಚಾಗುವುದಿಲ್ಲ. ಒಂದೇ ಅಯಾನು ಮತ್ತೆ ಮತ್ತೆ ಕೆಲಸ ಮಾಡಿ ಬಣ್ಣ ಹುಟ್ಟಿಸುತ್ತಲೇ ಇರುತ್ತದೆ. ಅದಕ್ಕೇ ಇಷ್ಟು ಸೂಕ್ಷ್ಮ, ಅದಕ್ಕೇ ಇಷ್ಟು ಅಪಾಯ. ಹೊತ್ತು ಹೆಚ್ಚಾದರೆ ಬಣ್ಣವೂ ಹೆಚ್ಚು, ಉತ್ತರ ತಪ್ಪು. ಪ್ರನಾಳದಲ್ಲಿ ಹಿಡಿತಕ್ಕೆ ಸಿಗದ ಈ ಕ್ರಿಯೆಯನ್ನು ಪಳಗಿಸಿದ್ದು ಹರಿವಿನ ಶಿಸ್ತು. ಮುಚ್ಚಿದ ಕೊಳವೆಯೊಳಗೆ ದೂಳು ಇಳಿಯುವುದಿಲ್ಲ ಎನ್ನುವುದು ಇನ್ನೊಂದು ಲಾಭ. ಶಿಖರ ಅಸಹಜವಾಗಿ ಎತ್ತರವಾದರೆ ಯಾವ ಬಾಟಲಿ ಕೆಟ್ಟಿದೆ ಎಂದು ಹಡಗು ಅಲ್ಲಿರುವಾಗಲೇ ತಿಳಿಯುತ್ತದೆ.

ಇಂದು ಬಹಳಷ್ಟು ಲೋಹಗಳ ನಿಖರ ಅಳತೆ ದಡದ ಮಾಸ್ ಸ್ಪೆಕ್ಟ್ರೋಮೀಟರುಗಳಲ್ಲಿ ನಡೆಯುತ್ತದೆ. ಆ ಭಾರೀ ಯಂತ್ರ ಹಡಗಿಗೆ ಒಗ್ಗುವುದಿಲ್ಲ. ಹಾಗಾಗಿ ನಡುಗಡಲಿನಲ್ಲಿ ಕೈಹಿಡಿಯುವುದು ಈಗಲೂ ಕೊಳವೆಯೇ.

ನಮ್ಮ ಕಡಲಿನ ಪ್ರಶ್ನೆ

ಮುಂಗಾರು ಮಾರುತ ಜೋರಾದಾಗ ಅರಬ್ಬಿ ಸಮುದ್ರದ ಪಶ್ಚಿಮದಲ್ಲಿ, ಒಮಾನ್ ಕಡೆ, ಆಳದ ಪೋಷಕಭರಿತ ನೀರು ಮೇಲೇಳುತ್ತದೆ. ಮುಂಗಾರಿನ ಕೊನೆಗೆ ಅಲ್ಲೂ ಕಬ್ಬಿಣದ ಕೊರತೆ ಸಸ್ಯಪ್ಲವಕವನ್ನು ಕಟ್ಟಿಹಾಕುತ್ತದೆ ಎಂದು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್‌.ಡಬ್ಲ್ಯು.ಎ. ನಕ್ವಿ ಮತ್ತಿತರರು 2010ರಲ್ಲಿ ಬರೆದರು. ಸುತ್ತ ಮರುಭೂಮಿಯ ದೂಳಿರುವ ಕಡಲಿಗೂ ಈ ಗತಿ!

ಅದಕ್ಕೆ ಒಂದು ವರ್ಷ ಮೊದಲು, 2009ರಲ್ಲಿ, ಭಾರತ ಮತ್ತು ಜರ್ಮನಿ ಸೇರಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ‘ಲೋಹಾಫೆಕ್ಸ್’ ಪ್ರಯೋಗ ನಡೆಸಿದ್ದವು. ಸುಮಾರು 300 ಚದರ ಕಿಲೋಮೀಟರಿನಲ್ಲಿ ಕಬ್ಬಿಣ ಸುರಿದಾಗ ಸಸ್ಯಪ್ಲವಕ ಹೆಚ್ಚಿತು. ಆದರೆ ಪ್ರಾಣಿಪ್ಲವಕಗಳು ಅದನ್ನು ಮೇದುಬಿಟ್ಟವು. ಆಳಕ್ಕಿಳಿದ ಇಂಗಾಲ ಅತ್ಯಲ್ಪ.

ಕಬ್ಬಿಣ ಸುರಿದು ಭೂಮಿಯನ್ನು ತಂಪಾಗಿಸುತ್ತೇವೆ ಎನ್ನುವವರು ಈಗಲೂ ಇದ್ದಾರೆ. ಇಂಥ ಕೆಲಸ ಸಂಶೋಧನೆಗಷ್ಟೇ ಸೀಮಿತವಾಗಿರಲಿ ಎಂದು, ಕಡಲಿಗೆ ತ್ಯಾಜ್ಯ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದದ ದೇಶಗಳು 2008ರಲ್ಲೇ ನಿರ್ಣಯಿಸಿವೆ. ಸುರಿಯುವುದು ಸುಲಭ, ಒಂದು ಹಡಗು ಸಾಕು. ಸುರಿದದ್ದು ಎಲ್ಲಿ ಹೋಯಿತು, ಎಷ್ಟು ಉಳಿಯಿತು ಎಂದು ತೋರಿಸಬೇಕಾದವರು ನ್ಯಾನೋಗ್ರಾಮಿನ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕವಿಲ್ಲದೆ ಕಾರ್ಬನ್ ಕ್ರೆಡಿಟ್ ಮಾರಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸುವುದು ಲೇಸು.