ಅಕ್ಕಿಕಾಳಿನಷ್ಟು ಗಡಿಯಾರ, ಅದರೊಳಗಿನ ಆವಿಕೋಶ

1967ರಿಂದ ಈಚೆಗೆ ಸೆಕೆಂಡಿಗೆ ಆಧಾರವಾಗಿರುವುದು ಭೂಮಿಯ ಚಲನೆಯಲ್ಲ, ಸೀಸಿಯಂ-133 ಎಂಬ ಲೋಹದ ಪರಮಾಣು. ಅದರ ಎರಡು ನಿಕಟ ಶಕ್ತಿಮಟ್ಟಗಳ ನಡುವಣ ಜಿಗಿತಕ್ಕೆ ಹೊಂದುವ ಮೈಕ್ರೋವೇವ್ ತರಂಗವು 919 ಕೋಟಿ 26 ಲಕ್ಷ 31 ಸಾವಿರದ 770 ಬಾರಿ ಕಂಪಿಸಲು ಹಿಡಿಯುವ ಕಾಲವೇ ಒಂದು ಸೆಕೆಂಡ್. ಕೈಗಡಿಯಾರದ ಕ್ವಾರ್ಟ್ಸ್ ಹರಳು ಬಿಸಿಲಿಗೂ ವಯಸ್ಸಿಗೂ ದಾರಿ ತಪ್ಪುತ್ತದೆ. ಸೀಸಿಯಂ ಪರಮಾಣುಗಳಾದರೋ ಎಲ್ಲವೂ ಒಂದೇ ಅಚ್ಚಿನವು. 1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ ನಡೆಸಿದ ಮೊದಲ ಸೀಸಿಯಂ ಗಡಿಯಾರ ಪ್ರಯೋಗಾಲಯ ಬಿಟ್ಟು ಕದಲುವಂಥದ್ದಾಗಿರಲಿಲ್ಲ. 2004ರಲ್ಲಿ ಅಮೆರಿಕದ ಬೋಲ್ಡರಿನಲ್ಲಿರುವ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ಅಂಥ ಗಡಿಯಾರದ ಹೃದಯಭಾಗವನ್ನು ಅಕ್ಕಿಕಾಳಿನ ಗಾತ್ರಕ್ಕೆ ಇಳಿಸಿ ತೋರಿಸಿದರು. ಅದನ್ನು ನಡೆಸುವ ವಿದ್ಯುನ್ಮಾನ ಉಪಕರಣಗಳು ಮಾತ್ರ ಆಗಿನ್ನೂ ಹೊರಗೇ ಇದ್ದವು ಎಂಬುದನ್ನು ಮರೆಯಬಾರದು. ಎಲ್ಲವನ್ನೂ ಒಳಗೊಂಡು, ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ, ಸುಮಾರು 35 ಗ್ರಾಂ ತೂಕದ ಗಡಿಯಾರ ಮಾರುಕಟ್ಟೆಗೆ ಬಂದದ್ದು 2011ರಲ್ಲಿ.

ಹಳೆಯ ಮಾದರಿಯಲ್ಲಿ ಪರಮಾಣುಗಳಿಗೆ ಮೈಕ್ರೋವೇವ್ ಉಣಿಸಲು ಲೋಹದ ಪೆಟ್ಟಿಗೆಯೊಂದು ಬೇಕಿತ್ತು. ಆ ತರಂಗದ ಉದ್ದವೇ 3 ಸೆಂಟಿಮೀಟರಿಗೆ ಮಿಗಿಲಾದ್ದರಿಂದ ಪೆಟ್ಟಿಗೆಯನ್ನು ಬೇಕಾದಷ್ಟು ಕುಗ್ಗಿಸುವಂತಿರಲಿಲ್ಲ. ಈ ತೊಡಕನ್ನು ಬೆಳಕಿನಿಂದಲೇ ದಾಟಲಾಯಿತು. ಪುಟ್ಟ ಲೇಸರಿನ ಬೆಳಕನ್ನು ವೇಗವಾಗಿ ಏರಿಳಿಸಿ ಅದರಲ್ಲಿ ಎರಡು ಆವೃತ್ತಿಗಳನ್ನು ಹುಟ್ಟಿಸಿದಾಗ, ಅವೆರಡರ ಅಂತರ ಪರಮಾಣುವಿನ ಕಂಪನಕ್ಕೆ ಸರಿಯಾಗಿ ಹೊಂದಿದ ಕ್ಷಣ ಸೀಸಿಯಂ ಬೆಳಕನ್ನು ಹೀರುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ, ಆಚೆ ಬದಿಯ ಸಂವೇದಕಕ್ಕೆ ಬೆಳಕು ಹೆಚ್ಚು ತಲುಪುತ್ತದೆ. ಆ ಹೊಳಪು ಕುಂದದಂತೆ ನೋಡಿಕೊಳ್ಳುವ ಮಂಡಲವು, ತಂಬೂರಿಗೆ ಶ್ರುತಿ ಕೂಡಿಸುವ ಹಾಗೆ, ಒಳಗಿನ ಕ್ವಾರ್ಟ್ಸ್ ಹರಳನ್ನು ಸತತವಾಗಿ ತಿದ್ದುತ್ತಿರುತ್ತದೆ.

ಆದರೆ ನಿಜವಾದ ಕಸುಬು ಇರುವುದು ಸೀಸಿಯಂ ಆವಿಯನ್ನು ಹಿಡಿದಿಡುವ ಕೋಶದಲ್ಲಿ. ಸಿಲಿಕಾನ್ ಬಿಲ್ಲೆಯಲ್ಲಿ ಮಿಲಿಮೀಟರ್ ಅಳತೆಯ ತೂತು ಕೊರೆದು, ಎರಡೂ ಬದಿಗೆ ಗಾಜು ಇಟ್ಟು, ಶಾಖ ಮತ್ತು ನೂರಾರು ವೋಲ್ಟ್ ವಿದ್ಯುತ್ತಿನ ಬಲದಿಂದ ಅಂಟಿಲ್ಲದೆಯೇ ಬೆಸೆಯಲಾಗುತ್ತದೆ. 28.5 ಡಿಗ್ರಿ ಸೆಲ್ಸಿಯಸ್‌ಗೇ ತೆಂಗಿನೆಣ್ಣೆಯಂತೆ ಕರಗುವ ಸೀಸಿಯಂ ಗಾಳಿ, ತೇವ ಸೋಕಿದರೆ ಉರಿದೇಳುವುದರಿಂದ, ಅದನ್ನು ನೇರವಾಗಿ ತುಂಬುವ ಬದಲು ಅದರ ಸಂಯುಕ್ತವೊಂದನ್ನು ಒಳಗಿಟ್ಟು, ಮುಚ್ಚಿದ ಮೇಲೆ ಲೇಸರಿನಿಂದ ಕಾಯಿಸಿ ಲೋಹವನ್ನು ಬಿಡಿಸುವ ವಿಧಾನವೂ ಬಳಕೆಯಲ್ಲಿದೆ. ಪರಮಾಣು ಗೋಡೆಗೆ ತಾಗಿದೊಡನೆ ತನ್ನ ಲಯ ಕಳೆದುಕೊಳ್ಳುವುದರಿಂದ, ಅದರ ಓಟವನ್ನು ನಿಧಾನಿಸಲು ಸಾರಜನಕ, ಆರ್ಗಾನ್‌ನಂಥ ಅನಿಲಗಳನ್ನು ಜತೆಗೆ ತುಂಬುತ್ತಾರೆ. ಈ ಅನಿಲಗಳೂ ಕಂಪನವನ್ನು ಕೊಂಚ ಸರಿಸುತ್ತವೆ. ಉಷ್ಣತೆ ಬದಲಾದಾಗ ಒಂದರ ಪ್ರಭಾವ ಇನ್ನೊಂದರ ಪ್ರಭಾವವನ್ನು ಅಳಿಸುವಂತೆ ಅವನ್ನು ಬೆರೆಸುವುದು ಹದದ ಕೆಲಸ. ಇಷ್ಟಾದರೂ ವಾತಾವರಣದ ಹೀಲಿಯಂ ಗಾಜಿನ ಮೂಲಕ ಮೆಲ್ಲಗೆ ಒಳನುಸುಳುತ್ತದೆ.

ಉಪಗ್ರಹದ ಸಮಯಸಂಕೇತ ತಲುಪದ ಸಮುದ್ರತಳದಲ್ಲಿ, ತಿಂಗಳುಗಟ್ಟಲೆ ಬ್ಯಾಟರಿಯ ಮೇಲೆ ನಡೆಯುವ ಭೂಕಂಪಮಾಪಕಗಳಿಗೆ ಇಂಥ ಗಡಿಯಾರ ಬಹು ಉಪಯುಕ್ತ. ಆದರೂ ಕೋಶದ ಅನಿಲವು ಕಂಪನವನ್ನು ಸರಿಸಿಯೇ ಇರುವುದರಿಂದ, ಸೆಕೆಂಡಿನ ಮೂಲಮಾನ ಎನಿಸಿಕೊಳ್ಳುವ ಅರ್ಹತೆ ಇದಕ್ಕಿಲ್ಲ. ಬಳಕೆಗೆ ಇಳಿಯುವ ಮುನ್ನ ಇದನ್ನು ದೊಡ್ಡ ಪರಮಾಣು ಗಡಿಯಾರವೊಂದರ ಸಮಯಕ್ಕೆ ಹೊಂದಿಸಲೇಬೇಕು.